ಗುಂಡಿಗೆ ಅಳತೆಯುಂಟು, ಕೂಸಿಗೆ?

ಗಿರಣಿಯ ಬಂಧುಗಳೇ, ಸಣ್ಣ ವ್ಯಾಪಾರಿಗಳೇ!

ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ಮಳೆಯನ್ನೇ ನಂಬಿದ ಸೀಮೆ. ಕಡಲೆಕಾಯಿ ಕೈಕೊಟ್ಟ ವರ್ಷ ಗಂಡಸು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಹೆಂಗಸು ಸನಿಕೆ ಹಿಡಿದು ಕೆರೆಯಂಗಳಕ್ಕೆ ಇಳಿಯುತ್ತಾಳೆ. 'ಬಡವರಿಗೆ ಬಿಟ್ಟಿ ಕೊಡಬೇಡಿ, ಕೆಲಸ ಕೊಡಿ' ಎಂದು ಉಪದೇಶಿಸುವ ದೊಡ್ಡ ಮನುಷ್ಯರು, ಕಂಕುಳ ಕೂಸನ್ನು ಎಲ್ಲಿ ಇಳಿಸಬೇಕೆಂದು ಮಾತ್ರ ಹೇಳುವುದಿಲ್ಲ.

2005ರ ಉದ್ಯೋಗ ಖಾತ್ರಿ ಕಾಯಿದೆ ಒಂದು ಮಾತು ಹೇಳಿತ್ತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಬಿಟ್ಟು ಅವಳಿಗೂ ಕೂಲಿ ಕೊಡಬೇಕು. ನಾಲ್ಕೇ ಬಂದರೆ? ಕಾಯಿದೆ ಮೂಕ. ಐದು ಬಂದಲ್ಲಿಯೂ ಎಷ್ಟೋ ಕಡೆ ಕೂಸಿಗೆ ಸಿಕ್ಕದ್ದು ಜಾಲಿಮರದ ನೆರಳೊಂದೇ.

ಕೂಲಿ ಬಿದ್ದದ್ದು ತೋಡಿದ ಮಣ್ಣಿನ ಅಳತೆಗೆ. ಹಾಲೂಡಿಸಲು ಕೂತ ಹೊತ್ತು ಅಳತೆಯ ಪುಸ್ತಕದಲ್ಲಿ ಸೋಮಾರಿತನ! 2023ರ ಜನವರಿಯಿಂದ ದಿನಕ್ಕೆರಡು ಸಲ ಫೋಟೋ ಹಾಜರಿಯೂ ಕಡ್ಡಾಯವಾಯಿತು. ಪಾಲಿನ ಮಣ್ಣು ಎತ್ತಿ ಮುಗಿಸಿದವಳೂ ಎರಡನೆಯ ಫೋಟೋಗೆ ಕಾದು ಕೂರಬೇಕು. ಮನೆಯಲ್ಲಿ ಕೂಸು ಅಕ್ಕನ ಸೊಂಟದ ಮೇಲೆ. ಅಕ್ಕ ಶಾಲೆಯ ಹೊರಗೆ.

ಅಂಗನವಾಡಿ ಇಲ್ಲವೇ ಎನ್ನುವಿರಿ. ಅದು ಮೂರು ತುಂಬಿದವರನ್ನು ಕೂರಿಸಿಕೊಳ್ಳುತ್ತದೆ. ಅದಕ್ಕೂ ಚಿಕ್ಕದಕ್ಕೆ ಆಹಾರದ ಪೊಟ್ಟಣ ಕೊಟ್ಟು ಕಳಿಸುತ್ತದೆ. 2023ರಲ್ಲಿ ರಾಜ್ಯ ಸರ್ಕಾರ 4000 ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿತು. ಒಳ್ಳೆಯದೇ, ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ಕೂಸಿನ ಮನೆ ಊರೊಳಗೆ; ಗುಂಡಿ ಐದು ಕಿಲೋಮೀಟರಿನವರೆಗೂ ಆಚೆ ಇರಬಹುದು. ಹಸಿದ ಕೂಸಿನ ಅಳು ಅಷ್ಟು ದೂರ ಕೇಳೀತೇ?

2025ರ ಡಿಸೆಂಬರಿನಲ್ಲಿ ದಿಲ್ಲಿಯವರು ಹಳೆಯ ಕಾಯಿದೆಯ ಜಾಗಕ್ಕೆ ಹೊಸದನ್ನು ತಂದರು. 100 ದಿನ 125 ಆಯಿತು. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸಲು ಅವಕಾಶವೂ ಬಂತು. ಜಮೀನುದಾರನಿಗೆ ಆಳು ಸಿಗಲೆಂದು ತಾನೇ? ಅವನ ಹೊಲದ ಬದುವಿನಲ್ಲಿ ತೊಟ್ಟಿಲು ಕಟ್ಟುವವರು ಯಾರು?

ವ್ಯಾಪಾರಿಗಳೇ, ಅವಳ ಕೂಲಿ ತಡವಾದಾಗ ದಪ್ಪವಾಗುವುದು ನಿಮ್ಮ ಉದ್ರಿ ಪುಸ್ತಕ. ಗಿರಣಿಯವರೇ, 1948ರ ಕಾರ್ಖಾನೆ ಕಾಯಿದೆ ಶಿಶುಮಂದಿರದ ಮಾತೆತ್ತಿತು. 1961ರ ಹೆರಿಗೆ ಕಾಯಿದೆ ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಸಲ ಹಾಲೂಡಿಸಲು ಬಿಡುವು ಕೊಟ್ಟಿತು. ಗಿರಣಿಯ ತಾಯಿಗೆ ಎರಡು ಬಿಡುವು, ಗುಂಡಿಯ ತಾಯಿಗೆ ಎರಡು ಫೋಟೋ!

ಮುಂದಿನ ಗ್ರಾಮಸಭೆಗೆ ನಿಮ್ಮ ನಿಮ್ಮ ಊರಿಗೆ ಹೋಗಿ. ಕೂಸು ಒಂದೇ ಇರಲಿ, ತೊಟ್ಟಿಲು ಗುಂಡಿಯ ಪಕ್ಕಕ್ಕೆ ಬರಲಿ, ಹಾಲೂಡಿಸಿದ ಹೊತ್ತಿಗೂ ಕೂಲಿ ಬೀಳಲಿ ಎಂದು ಎದ್ದುನಿಂತು ಕೇಳಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಹೊರಡಬೇಡಿ.