ಸೈಕಲ್ ಸ್ಟ್ಯಾಂಡಿಗೆ ಸೈಕಲ್ಲು ಬರಲಿ

ನಮ್ಮ ಕಾಲೇಜಿನ ಹಿಂಭಾಗದಲ್ಲಿ ತಗಡಿನ ಸೂರೊಂದಿದೆ. ‘ಸೈಕಲ್ ಸ್ಟ್ಯಾಂಡ್’ ಎಂದು ಬರೆದ ಹಲಗೆ ಅಲ್ಲಿ ಇನ್ನೂ ತೂಗುತ್ತಿದೆ. ಸೂರಿನ ಕೆಳಗೆ ಸ್ಕೂಟರುಗಳುಂಟು, ಮೋಟಾರು ಬೈಕುಗಳುಂಟು. ಮಳೆ ಬಂದ ದಿನ ಒಂದೆರಡು ಕಾರುಗಳೂ ಮೂಗು ತೂರಿಸುವುದುಂಟು. ಕಳೆದ ವರ್ಷದವರೆಗೆ ಸೈಕಲ್ಲು ಮಾತ್ರ ಒಂದೇ ಒಂದಿತ್ತು. ಅದು ನಮ್ಮ ಅಟೆಂಡರದು. 6 ಕಿಲೋಮೀಟರು ದೂರದ ಹಳ್ಳಿಯಿಂದ ತುಳಿದುಕೊಂಡು ಬಂದು, ನಾವು ಬರುವ ವೇಳೆಗೆ ಅವರು ಬಾಗಿಲುಗಳನ್ನೆಲ್ಲ ತೆರೆದಿಟ್ಟಿರುತ್ತಾರೆ. ಹೇಗೆ ಬರುತ್ತೀರೆಂದು ನಾವು ಯಾರೂ ಕೇಳಿದವರಲ್ಲ.

ಕಳೆದ ಜುಲೈಯಲ್ಲಿ ಒಂದು ಬೆಳಗ್ಗೆ, ಗೇಟಿನ ಎದುರಿನ ಚಹದಂಗಡಿಯ ಹಿಂದೆ ನಾಲ್ಕಾರು ಸೈಕಲ್ಲುಗಳು ಗೋಡೆಗೊರಗಿರುವುದನ್ನು ಕಂಡೆ. ಇನ್ನೊಂದನ್ನು ತಂದು ನಿಲ್ಲಿಸುತ್ತಿದ್ದವನು ನನ್ನ ತರಗತಿಯ ಹುಡುಗ. ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲು ಅದು. “ಒಳಗೆ ಸ್ಟ್ಯಾಂಡಿದೆಯಲ್ಲಪ್ಪ, ಇಲ್ಲೇಕೆ?” ಎಂದೆ. ಅವನು ನೆಲ ನೋಡಿದ. “ಅಲ್ಲಿ ಎಲ್ಲಾ ಗಾಡಿಗಳೇ ಸಾರ್. ನಗ್ತಾರೆ” ಎಂದ.

2006-07ರ ಸಾಲಿನಲ್ಲಿ ನಮ್ಮ ರಾಜ್ಯದಲ್ಲಿ ಆ ಯೋಜನೆ ಆರಂಭವಾದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ಲೇರಿ ಪ್ರೌಢಶಾಲೆಗೆ ಹೋದುದನ್ನು ಕಂಡವರು ನಾವು. ಅಲ್ಲಿ ಹೆಮ್ಮೆಯಾಗಿದ್ದ ವಸ್ತು ಕಾಲೇಜಿನ ಗೇಟಿನೆದುರು ನಾಚಿಕೆಯಾದುದು ಹೇಗೆ? ಹುಡುಗರದೇ ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಅಂದು ನಾನೂ 2 ಕಿಲೋಮೀಟರು ದೂರದ ಮನೆಯಿಂದ ಸ್ಕೂಟರಿನಲ್ಲೇ ಬಂದಿದ್ದೆ. ಬಂದು, ಸರಳ ಜೀವನದ ಮೇಲೆ ಪಾಠ ಹೇಳುವವನಿದ್ದೆ!

ಆದಕಾರಣ ಸಹೋದ್ಯೋಗಿ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಸ್ಕೂಟರು ಮಾರಬೇಡಿ, ವಾರಕ್ಕೊಂದೆರಡು ದಿನ ಸೈಕಲ್ಲಿನಲ್ಲಿ ಬನ್ನಿ. ನಮ್ಮಲ್ಲಿ ಬಹುಮಂದಿಯ ಮನೆ ಕಾಲೇಜಿನಿಂದ 4 ಕಿಲೋಮೀಟರಿನೊಳಗೇ ಇದೆ. ಆತುರವಿಲ್ಲದೆ ತುಳಿದರೂ ಸೈಕಲ್ಲು ಗಂಟೆಗೆ 12 ಕಿಲೋಮೀಟರು ಸಾಗುತ್ತದೆ. ಎಂದರೆ 20 ನಿಮಿಷದ ದಾರಿ. ಅಷ್ಟೇ ದೂರ ನಡೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಇದಕ್ಕೆ ಸಾಕು.

ಬೆವರಿನ ಆಕ್ಷೇಪಣೆ ಮೊದಲು ಬರುತ್ತದೆ. ಬೆವರುವುದು ನಿಜ. ಹತ್ತು ನಿಮಿಷ ಮುಂಚೆ ಹೊರಟು ನಿಧಾನವಾಗಿ ತುಳಿದರೆ ಅರ್ಧ ಕಡಿಮೆ; ಉಳಿದರ್ಧಕ್ಕೆ ಚೀಲದಲ್ಲೊಂದು ಟವೆಲು. ಆಷಾಢದ ಎದುರುಗಾಳಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಕೆರೆಯ ಏರಿಯ ಮೇಲೆ ಎಷ್ಟೋ ದಿನ ಇಳಿದು ತಳ್ಳಿದ್ದೇನೆ. ಎಮ್ಮೆ ಕಾಯುವ ಮುದುಕರೊಬ್ಬರು, “ಮೇಷ್ಟ್ರೇ, ನೀವು ಅದನ್ನು ಕರ್ಕೊಂಡು ಹೋಗ್ತಿದ್ದೀರೋ, ಅದು ನಿಮ್ಮನ್ನೋ?” ಎಂದು ಕೇಳಿದ್ದೂ ಉಂಟು. ಮೊಣಕಾಲು ನೋಯುತ್ತದೆನ್ನುವವರು ಸೀಟನ್ನು ಸ್ವಲ್ಪ ಏರಿಸಿ ನೋಡಬೇಕು. ಪೆಡಲು ಕೆಳಗಿರುವಾಗ ಕಾಲು ಬಹುಮಟ್ಟಿಗೆ ನೀಳವಾಗಬೇಕು. ಸೀಟು ತೀರ ತಗ್ಗಿಸಿಕೊಂಡು ತುಳಿಯುವುದರಿಂದಲೇ ನಮ್ಮಲ್ಲಿ ಎಷ್ಟೋ ಜನ ಸೈಕಲ್ಲನ್ನು ಬೈಯುತ್ತಾರೆ.

ಮಹಿಳಾ ಸಹೋದ್ಯೋಗಿಗಳಿಗೆ ಉಪದೇಶ ಮಾಡಲು ನಾನು ಯಾರು? ಸೀರೆಯ ತೊಂದರೆಗೆ ಅಡ್ಡ ಕೊಳವೆಯಿಲ್ಲದ ಲೇಡೀಸ್ ಸೈಕಲ್ಲಿದೆ, ಚೈನಿಗೆ ಕವರಿದೆ, ಹಿಂದಿನ ಚಕ್ರಕ್ಕೆ ಜಾಲರಿಯಿದೆ. ಬೈಪಾಸಿನ ಲಾರಿಗಳಿಗೂ ಬಸ್ ನಿಲ್ದಾಣದ ಕಣ್ಣುಗಳಿಗೂ ಯಾವ ಜಾಲರಿಯೂ ಇಲ್ಲ. ಆ ದಾರಿಯವರು ಬಾರದಿದ್ದರೆ ತಪ್ಪು ಅವರದಲ್ಲ.

ಇನ್ನು ಉಳಿದದ್ದು ಮರ್ಯಾದೆ. ಅಸಲು ಕಾರಣ ಇದೇ ಎಂದು ನನ್ನ ಗುಮಾನಿ. ನಾನು ಸೈಕಲ್ಲೇರಿದ ವಾರದಲ್ಲೇ ಹಿರಿಯರೊಬ್ಬರು ಪಕ್ಕಕ್ಕೆ ಕರೆದು, “ಏನು ಸ್ವಾಮಿ, ಮನೆಯಲ್ಲಿ ಎಲ್ಲಾ ಕ್ಷೇಮವಷ್ಟೆ? ಸಾಲಗೀಲ ಏನೂ ಇಲ್ಲವಲ್ಲ?” ಎಂದು ವಿಚಾರಿಸಿದರು. ಒಂದು ಕಾಲದಲ್ಲಿ ಇದೇ ಬಡ ವಾಹನಕ್ಕೆ ಪುರಸಭೆಯವರು ಲೈಸೆನ್ಸಿನ ಬಿಲ್ಲೆ ಕೊಡುತ್ತಿದ್ದರು. ದೀಪವಿಲ್ಲದೆ ಇರುಳಲ್ಲಿ ಹೊರಟವನಿಗೆ ದಂಡವಿತ್ತು. ಆಗ ಸೈಕಲ್ಲುಳ್ಳ ಮೇಷ್ಟರೆಂದರೆ ಬೀದಿ ಎದ್ದು ನಿಲ್ಲುತ್ತಿತ್ತು. 2010ರಿಂದ 2024ರವರೆಗೆ ನೆದರ್ಲೆಂಡ್ಸಿನ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆಯವರು ಸೈಕಲ್ಲು ತುಳಿದು ಕಚೇರಿಗೆ ಹೋಗುತ್ತಿದ್ದರು. ಅದು ಆ ದೇಶ ಎನ್ನುವಿರಾ? ಮೈಸೂರೇನು ದೂರವೆ? 2017ರಲ್ಲಿ ಅಲ್ಲಿ ‘ಟ್ರಿಣ್ ಟ್ರಿಣ್’ ಆರಂಭವಾಗಿ, ಒಂದು ನಿಲ್ದಾಣದಲ್ಲಿ ಸೈಕಲ್ಲು ಪಡೆದು ಇನ್ನೊಂದರಲ್ಲಿ ಬಿಡುವ ಏರ್ಪಾಡಾಯಿತು. ಅದನ್ನು ತುಳಿದವರ ಮರ್ಯಾದೆಯೇನೂ ದಾರಿಯಲ್ಲಿ ಉದುರಿ ಬೀಳಲಿಲ್ಲ.

ಪ್ರಾಂಶುಪಾಲರಲ್ಲಿ ಕೇಳುವುದು ಎರಡೇ. ಸೂರಿನ ಕೆಳಗಿನ ಒಂದು ಸಾಲನ್ನು ಸೈಕಲ್ಲುಗಳಿಗೇ ಬಿಡಿಸಿಕೊಡಬೇಕು. ಗಾಳಿ ಹೊಡೆಯುವ ಪಂಪೊಂದನ್ನು ಇಡಿಸಬೇಕು. ಪಂಪು ಕಳವಾದರೆ ಇನ್ನೊಂದನ್ನು ನಾನು ತಂದುಕೊಡುತ್ತೇನೆ.

ಈಗ ಸ್ಟ್ಯಾಂಡಿನಲ್ಲಿ ಅಟೆಂಡರ ಸೈಕಲ್ಲಿನ ಪಕ್ಕ ನನ್ನದೂ ನಿಲ್ಲುತ್ತದೆ. ಶನಿವಾರ ಇತಿಹಾಸ ವಿಭಾಗದ ಮಿತ್ರರದು ಸೇರಿ ಮೂರಾಗುತ್ತವೆ. ಆ ಹುಡುಗ ಮಾತ್ರ ಇನ್ನೂ ಚಹದಂಗಡಿಯ ಹಿಂದೆಯೇ ನಿಲ್ಲಿಸುತ್ತಾನೆ. ಮೂರು ಸೈಕಲ್ಲು ಅವನ ಧೈರ್ಯಕ್ಕೆ ಸಾಲದು. ಅವನದು ಕೊನೆಯ ವರ್ಷ. ಪರೀಕ್ಷೆ ಮುಗಿದರೆ ಹೊರಟುಹೋಗುತ್ತಾನೆ. ಅಷ್ಟರೊಳಗೆ ಇನ್ನೂ ಏಳೆಂಟು ಬೇಕು.