ಮನೇಲೇ ಕೂತು ಮಾಡುವ ವ್ಯಾಪಾರ

“ಹೇಗೂ ಮನೇಲೇ ಕೂತಿರ್ತೀಯಲ್ಲೇ, ಕಂಪ್ಯೂಟರ್‌ನಲ್ಲೇ ಏನಾದ್ರೂ ವ್ಯಾಪಾರ ಮಾಡ್ಬೋದಲ್ಲ?”

ಈ ಮಾತು ಕಿವಿಗೆ ಬಿದ್ದರೆ ಈಗೀಗ ನನಗೆ ಮೈ ಉರಿಯುತ್ತದೆ. ಮೊದಲೆಲ್ಲ ಉರಿಯುತ್ತಿರಲಿಲ್ಲ. ನಾನೇ ನಾಲ್ಕಾರು ಹೆಣ್ಣುಮಕ್ಕಳಿಗೆ ಇದೇ ಬುದ್ಧಿ ಹೇಳಿದವಳು. ಮದುವೆ ಮನೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೊಡುವ ಸಲಹೆಗಳಲ್ಲಿ ಇದರಷ್ಟು ಅಗ್ಗದ್ದು ಬೇರೊಂದಿಲ್ಲ. ನಮ್ಮ ಅಮ್ಮಂದಿರಿಗೆ “ಹಪ್ಪಳ ಸಂಡಿಗೆ ಮಾಡಿ ಮಾರ್ಬೋದಲ್ಲ” ಎನ್ನುತ್ತಿದ್ದರು. ನಮಗೆ “ಸೀರೆಗೆ ಫಾಲ್ಸ್ ಹೊಲೀಬೋದಲ್ಲ” ಎಂದರು. ಈಗಿನವರಿಗೆ ಆನ್‌ಲೈನು. ಮೂರು ತಲೆಮಾರು ಕಳೆದರೂ ಕದಲದೆ ಉಳಿದಿರುವುದು ಆ ‘ಕೂತು’ ಎನ್ನುವ ಒಂದು ಪದ. ಹಪ್ಪಳಕ್ಕೆ ಹಿಟ್ಟು ಕುಟ್ಟಿದವಳು ಯಾವಾಗ ಕೂತಿದ್ದಳು ಎಂದು ಯಾರಾದರೂ ಕೇಳಿದ್ದುಂಟೆ?

ನನ್ನ ಅಕ್ಕನ ಮಗಳು ಬಿ.ಕಾಂ. ಓದಿದವಳು. ಮದುವೆಯಾಗಿ ನಮ್ಮ ಶಿವಮೊಗ್ಗಕ್ಕೇ ಬಂದಳು, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಕೊರೋನಾ ಕಾಲದಲ್ಲಿ ಜನ ಮನೆಯೊಳಗೆ ಸಿಕ್ಕಿಹಾಕಿಕೊಂಡು ಬೇಸರಕ್ಕೆ ನಾಯಿಮರಿ, ಬೆಕ್ಕಿನಮರಿ ತಂದರಲ್ಲ, ಆಗ ಅವಳಿಗೆ ಹೊಳೆಯಿತು. ನಾಯಿ ಬೆಕ್ಕಿನ ಊಟ, ಕೊರಳ ಪಟ್ಟಿ, ಬಟ್ಟಲು, ಸೋಪು, ಹಾಸಿಗೆ, ಎಲ್ಲವನ್ನೂ ಆನ್‌ಲೈನಿನಲ್ಲಿ ಮಾರುವುದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯವರು ಇದಕ್ಕೆಲ್ಲ ಶಿವಮೊಗ್ಗಕ್ಕೋ ಬೆಂಗಳೂರಿಗೋ ಬರಬೇಕಲ್ಲ ಎನ್ನುವುದು ಅವಳ ಲೆಕ್ಕ. ಲೆಕ್ಕ ತಪ್ಪಾಗಿರಲಿಲ್ಲ. ಅವಳ ಚೀಟಿ ದುಡ್ಡು ಅರವತ್ತು ಸಾವಿರ, ನಾನು ಕೊಟ್ಟದ್ದು ನಲವತ್ತು. ಬಳೆ ಅಡ ಇಡುತ್ತೇನೆ ಎಂದಳು, ನಾನು ಬೇಡವೆಂದೆ. ಹಾಗಾಗಿ ಈ ವಿಷಯದಲ್ಲಿ ನಾನು ದೂರ ನಿಂತು ನೋಡಿದವಳಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಮೊದಲ ಪೆಟ್ಟು ಎಲ್ಲಿ ಬಿತ್ತು ಗೊತ್ತೆ? ಜಿಎಸ್‌ಟಿ ನೋಂದಣಿಯಲ್ಲಿ. 2017ರಲ್ಲಿ ಈ ತೆರಿಗೆ ಬಂದಾಗ, ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಸಾಮಾನು ಮಾರುವವರು ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಾಯಿಸಿಕೊಳ್ಳಬೇಕಿತ್ತು. ಸ್ವಂತ ರಾಜ್ಯದೊಳಗೇ ಮಾರುವ ಸಣ್ಣವರಿಗೆ ಇದರಿಂದ ಬಿಡುಗಡೆ ಸಿಕ್ಕಿದ್ದು 2023ರ ಅಕ್ಟೋಬರ್‌ನಲ್ಲಿ. ನಮ್ಮ ಹುಡುಗಿ ಹೊರಟದ್ದು ಅದಕ್ಕೂ ಮೊದಲು. ನೋಂದಣಿಗೆ ವ್ಯಾಪಾರದ ಸ್ಥಳ ಯಾವುದು ಎಂದು ದಾಖಲೆ ಕೊಡಬೇಕು, ಕರೆಂಟ್ ಬಿಲ್ಲೋ ಕಂದಾಯದ ರಸೀದಿಯೋ. ಸ್ಥಳ ನಿಮ್ಮ ಹೆಸರಿನಲ್ಲಿಲ್ಲದಿದ್ದರೆ ಮಾಲೀಕರ ಒಪ್ಪಿಗೆ ಪತ್ರ. ನಮ್ಮಲ್ಲಿ ಎಷ್ಟು ಹೆಂಗಸರ ಹೆಸರಿನಲ್ಲಿ ಮನೆ ಇದೆ, ನೀವೇ ಹೇಳಿ! ಮನೆ ಮಾವನವರ ಹೆಸರಿನಲ್ಲಿತ್ತು. ಆ ಮನುಷ್ಯ ಕೆಟ್ಟವರಲ್ಲ. ಆದರೂ ಒಂದು ಹಾಳೆಗೆ ರುಜು ಹಾಕಲು ಹನ್ನೊಂದು ದಿನ ತೆಗೆದುಕೊಂಡರು. “ನಾಯಿ ಊಟದ ಅಂಗಡಿ ಅಂತ ನಮ್ಮ ಮನೆ ನಂಬರಿಗೆ ಬರ್ಬೇಕಾ ತಾಯಿ?” ಎಂದು ನನ್ನನ್ನೇ ಕೇಳಿದರು. ಮನೆಯಲ್ಲೇ ಕೂತು ಮಾಡು ಎಂದವರಿಗೆ, ಆ ಮನೆಯಲ್ಲಿ ಕೂರುವುದಕ್ಕೂ ಅಪ್ಪಣೆ ಬೇಕು ಎನ್ನುವುದು ಹೊಳೆದಿರಲಿಲ್ಲ.

ಇನ್ನು ಕೂರುವ ವಿಷಯ. ಸಗಟಿನವರ ಗಾಡಿ ಬರುತ್ತದೆ, ಇಪ್ಪತ್ತು ಕಿಲೋ ಚೀಲಗಳನ್ನು ಗೇಟಿನ ಹತ್ತಿರ ಇಳಿಸಿ ಹೋಗುತ್ತದೆ. ಒಳಗೆ ಹೊರುವವರು ಯಾರು? ಬೆಕ್ಕಿನ ಮರಳು ಎಂದು ಒಂದು ಸಾಮಾನಿದೆ, ಬೆಕ್ಕು ಮನೆಯೊಳಗೆ ಹೊರಕಡೆಗೆ ಹೋಗಲು. ಅದು ಮಣ್ಣೇ, ಮಣ್ಣಿನಷ್ಟೇ ಭಾರ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಚೀಲವನ್ನು ನೆಲಕ್ಕೆ ತಾಗಿಸಿ ಇಟ್ಟರೆ ಮೂರನೆಯ ವಾರಕ್ಕೆ ಬೂಷ್ಟು. ಹಲಗೆ ಹಾಕಬೇಕು, ಇರುವೆಗೆ ಲಕ್ಷ್ಮಣರೇಖೆ ಎಳೆಯಬೇಕು, ಇಲಿ ಕಾಯಬೇಕು. ದೊಡ್ಡ ಚೀಲ ಬಿಚ್ಚಿ ಒಂದೊಂದು ಕಿಲೋ ಕಟ್ಟಿ ಮಾರೋಣ ಎಂದರೆ, ಪೊಟ್ಟಣದ ಸಾಮಾನಿಗೆ 2011ರ ನಿಯಮಗಳಿವೆ. ತೂಕ, ಬೆಲೆ, ತಾರೀಕು, ಕಟ್ಟಿದವರ ಹೆಸರು ವಿಳಾಸ ಎಲ್ಲ ಅಚ್ಚು ಹಾಕಿಸಬೇಕು, ತೂಕದ ಇಲಾಖೆಯಲ್ಲಿ ಹೆಸರು ಬರೆಸಬೇಕು. ಪಶು ಆಹಾರಕ್ಕೆ ತೆರಿಗೆ ಇಲ್ಲ. ನಾಯಿ ಬೆಕ್ಕಿನ ಪ್ಯಾಕೆಟ್ ಊಟಕ್ಕೆ 2017ರಲ್ಲೇ ಶೇಕಡಾ 18 ಹಾಕಿದರು. ಹಾಲು ಕೊಡದ ಪ್ರಾಣಿ ಶೋಕಿಯ ಲೆಕ್ಕಕ್ಕೆ ಸೇರಿತು ಎಂದಾಯಿತು.

ಕೊರಿಯರಿನ ಲೆಕ್ಕ ಕಲಿತದ್ದು ಹಾಸಿಗೆಯಿಂದ. ನಾಯಿ ಹಾಸಿಗೆ ತೂಗಿದರೆ ಎರಡು ಕಿಲೋ. ಅವಳು ಎರಡು ಕಿಲೋಗೆ ಎಷ್ಟಾಗುತ್ತದೋ ಅಷ್ಟು ಸೇರಿಸಿ ಬೆಲೆ ಕಟ್ಟಿದಳು. ಬಿಲ್ಲು ಬಂತು, ಹನ್ನೆರಡು ಕಿಲೋಗೆ! ಮೋಸ ಎಂದು ಜಗಳಕ್ಕೆ ಹೋದಳು. ಮೋಸವಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಅರವತ್ತು, ಐವತ್ತು, ಇಪ್ಪತ್ತರ ಪೆಟ್ಟಿಗೆ ಹನ್ನೆರಡು ಕಿಲೋ ಆಯಿತಲ್ಲ. ಗಾಡಿಯಲ್ಲಿ ಜಾಗ ಹಿಡಿಯುವ ವಸ್ತುವಿಗೆ ತೂಕವಿಲ್ಲದಿದ್ದರೂ ತೂಕದ ದುಡ್ಡು. ಆ ತಿಂಗಳು ಮಾರಿದ ಒಂಬತ್ತು ಹಾಸಿಗೆಯಲ್ಲಿ ಒಂಬತ್ತರಲ್ಲೂ ನಷ್ಟ. ಇದರ ಮೇಲೆ ಸಾಮಾನು ಬಂದ ಮೇಲೆ ದುಡ್ಡು ಕೊಡುತ್ತೇವೆ ಎನ್ನುವವರು. ಮನೆ ಬಾಗಿಲಿಗೆ ಹೋದಾಗ “ಬೇಡ, ಮನಸ್ಸು ಬದಲಾಯ್ತು” ಎಂದರೆ ಹೋದ ಬಾಡಿಗೆಯೂ ಬಂದ ಬಾಡಿಗೆಯೂ ನಮ್ಮ ತಲೆಗೆ.

ಇಷ್ಟೆಲ್ಲ ನಡೆಯುವಾಗ ಅವಳು ‘ಮನೇಲೇ ಇದ್ದಾಳಲ್ಲ’. ಗ್ಯಾಸ್ ಸಿಲಿಂಡರ್ ಬಂದರೆ ಅವಳು. ಮಗುವಿನ ಸ್ಕೂಲ್ ವ್ಯಾನು ಬಂದರೆ ಅವಳು. ಹೇಳದೆ ಕೇಳದೆ ಬಂದ ನೆಂಟರಿಗೆ ಕಾಫಿ ಅವಳೇ. ಬಜಾರಿನಲ್ಲಿ ಅಂಗಡಿ ಇಟ್ಟ ಗಂಡಸಿನ ಹತ್ತಿರ ಹೋಗಿ “ಹಾಲು ಉಕ್ಕುತ್ತಾ ನೋಡು” ಎಂದು ಯಾರೂ ಹೇಳುವುದಿಲ್ಲ. ಅಂಗಡಿಗೆ ಷಟರ್ ಇಲ್ಲದಿದ್ದರೆ ಅದು ಅಂಗಡಿಯೇ ಅಲ್ಲ ಎಂದು ನಮ್ಮವರ ನಂಬಿಕೆ. ಅಕ್ಕನೇ ಫೋನಿನಲ್ಲಿ “ಅವಳದ್ದೇನೋ ಟೈಂಪಾಸಿಗೆ” ಎಂದಳು. ಅದನ್ನು ಕೇಳಿ ನಾನು ಅಕ್ಕನ ಜತೆ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಹೆತ್ತವಳೇ ಹೀಗೆಂದರೆ ಮಾವನವರನ್ನು ಅಂದು ಪ್ರಯೋಜನವೇನು?

ನಷ್ಟ ಕಂಡ ತಕ್ಷಣ ಎಲ್ಲರೂ ಕೊಡುವ ಇನ್ನೊಂದು ಬುದ್ಧಿ: “ರೇಟು ಇಳಿಸು, ಜನ ಬರ್ತಾರೆ.” ಬರುತ್ತಾರೆ, ಬರದೆ ಏನು! ಅಮೆರಿಕದಲ್ಲಿ ಪೆಟ್ಸ್ ಡಾಟ್ ಕಾಮ್ ಎಂದು ಇದೇ ವ್ಯಾಪಾರದ ಒಂದು ಕಂಪನಿ ಇತ್ತು, 1998ರಲ್ಲಿ ಶುರುವಾದದ್ದು. ಅದನ್ನು ನಡೆಸಿದವರೂ ಒಬ್ಬ ಹೆಂಗಸು, ಜೂಲಿ ವೈನ್‌ರೈಟ್. ಅಸಲಿಗಿಂತ ಕಡಿಮೆಗೆ ಮಾರಿದರು. 1999ರಲ್ಲಿ ಮೊದಲ ಕೆಲವು ತಿಂಗಳ ಮಾರಾಟ 6 ಲಕ್ಷ 19 ಸಾವಿರ ಡಾಲರ್, ಜಾಹೀರಾತಿನ ಖರ್ಚು 1 ಕೋಟಿ 18 ಲಕ್ಷ ಡಾಲರ್. ಕಾಲುಚೀಲದಿಂದ ಮಾಡಿದ ನಾಯಿಗೊಂಬೆ ಊರೆಲ್ಲ ಪ್ರಸಿದ್ಧವಾಯಿತು. 2000ದ ಫೆಬ್ರವರಿಯಲ್ಲಿ ಷೇರು ಮಾರಿ 8 ಕೋಟಿ 25 ಲಕ್ಷ ಡಾಲರ್ ಎತ್ತಿದರು, ಅದೇ ನವೆಂಬರಿನಲ್ಲಿ ಬಾಗಿಲು ಹಾಕಿದರು. ಭಾರದ ಚೀಲವನ್ನು ದೂರದ ಮನೆಗೆ ಸಾಗಿಸುವ ಖರ್ಚು ಅವರನ್ನೂ ಬಿಡಲಿಲ್ಲ. ಅಷ್ಟು ದುಡ್ಡಿದ್ದವರ ಕತೆ ಅದಾದರೆ ಚೀಟಿ ದುಡ್ಡಿನವಳು ಯಾರ ಜತೆ ರೇಟಿನ ಪಂದ್ಯ ಕಟ್ಟುವುದು? ದೊಡ್ಡವರು ಶೇಕಡಾ ನಲವತ್ತು ಬಿಡುವ ಕಡೆ ಇವಳು ಐದು ಬಿಟ್ಟರೆ ಕೈಬಳೆಯೂ ಉಳಿಯುವುದಿಲ್ಲ.

ಇಲ್ಲಿಯವರೆಗೆ ಬರೆದದ್ದು ಬೇರೆಯವರ ಮೇಲಿನ ಸಿಟ್ಟು. ಇನ್ನು ನಮ್ಮದೇ ತಪ್ಪು ಹೇಳಬೇಕು.

ಪಕ್ಕದ ತಾಲೂಕಿನ ಒಬ್ಬ ಟೀಚರ್ ನಾಯಿಯ ಉಣುಗಿಗೆ ಬೆನ್ನ ಮೇಲೆ ಬಿಡುವ ಹನಿಯೌಷಧಿ ತರಿಸಿಕೊಂಡರು. ಉಣುಗು ಎಂದರೆ ನಮ್ಮ ಜಿಲ್ಲೆಯವರಿಗೆ ಹೆದರಿಕೆ ರಕ್ತದಲ್ಲೇ ಇದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. ಆಕೆಯ ಮನೆಯಲ್ಲಿ ನಾಯಿಯ ಜತೆ ಒಂದು ಬೆಕ್ಕೂ ಇತ್ತು. ಉಳಿದದ್ದನ್ನು ಬೆಕ್ಕಿಗೂ ಹಾಕಿದರು. ಅದರಲ್ಲಿದ್ದದ್ದು ಪರ್ಮೆಥ್ರಿನ್. ನಾಯಿಯ ಮೈ ಅದನ್ನು ಕರಗಿಸಿ ಹೊರಹಾಕುತ್ತದೆ, ಬೆಕ್ಕಿನ ಪಿತ್ತಜನಕಾಂಗಕ್ಕೆ ಆ ಶಕ್ತಿ ಇಲ್ಲ. ಸಂಜೆಗೆ ನಡುಕ ಶುರುವಾಯಿತು, ರಾತ್ರಿ ಸೆಳೆತ. ಅಂದು ಭಾನುವಾರ. ಡಾಕ್ಟರು ಸಿಗುವಷ್ಟರಲ್ಲಿ ಹೋಗಿಬಿಟ್ಟಿತ್ತು. ಸೋಮವಾರ ಆಕೆ ಫೋನು ಮಾಡಿದರು. ಬೈಯಲಿಲ್ಲ. “ಒಂದ್ಮಾತು ಹೇಳ್ಬೇಕಿತ್ತು ಅಲ್ವಾ ಮೇಡಂ” ಎಂದರು, ಅಷ್ಟೇ.

ಡಬ್ಬಿಯ ಮೇಲೆ ಬರೆದಿತ್ತು, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಮನೆಯವರೆಲ್ಲ ಅದನ್ನೇ ಹಿಡಿದು ಹುಡುಗಿಗೆ ಸಮಾಧಾನ ಹೇಳಿದರು. ಓದಿಕೊಳ್ಳಬೇಕಾದವರು ಕೊಂಡವರು, ನಿನ್ನದೇನು ತಪ್ಪು? ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಮ್ಮ ಊರಿನ ಗ್ರಂಧಿಗೆ ಅಂಗಡಿಯಲ್ಲಿ ಬಜೆ ಕೇಳಿ ನೋಡಿ. “ಯಾರಿಗಮ್ಮಾ? ಮಗುವಿಗಾ? ಎಷ್ಟು ತಿಂಗಳು?” ಎಂದು ಕೇಳದೆ ಅವರು ಪೊಟ್ಟಣ ಕಟ್ಟುವುದಿಲ್ಲ. ಅದು ಅಂಗಡಿ. ಒತ್ತಿದರೆ ಕೊಡುವುದು ಯಂತ್ರ. ಆನ್‌ಲೈನು ಎಂದ ಕೂಡಲೇ ಈ ಕೇಳುವ ಬಾಯಿಯನ್ನು ಹೊಲಿದುಕೊಳ್ಳಬೇಕೆಂದು ಯಾವ ಶಾಸ್ತ್ರ? ಅದೂ ಮಾತಾಡಲಾರದ ಪ್ರಾಣಿಯ ವಿಷಯದಲ್ಲಿ! ನಮ್ಮ 2006ರ ಆಹಾರ ಸುರಕ್ಷತೆಯ ಕಾನೂನು ಮನುಷ್ಯರು ತಿನ್ನುವುದಕ್ಕೆ ಮಾತ್ರ. 2007ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಚೀನಾದಿಂದ ಬಂದ ಗೋಧಿಯ ಅಂಟಿನಲ್ಲಿ ಮೆಲಮೈನ್ ಬೆರೆತು ನಾಯಿ ಬೆಕ್ಕುಗಳ ಮೂತ್ರಪಿಂಡ ಹಾಳಾದಾಗ, ಒಂದೇ ಕಾರ್ಖಾನೆಯವರು ಹತ್ತಾರು ಹೆಸರಿನಲ್ಲಿ ಮಾರಿದ್ದ 6 ಕೋಟಿಗೂ ಹೆಚ್ಚು ಡಬ್ಬಿ ಪೊಟ್ಟಣಗಳನ್ನು ವಾಪಸು ಕರೆಸಿದರು. ಹೆಸರು ನೋಡಿ ನಂಬುವುದು ಅಷ್ಟರಲ್ಲೇ ಇದೆ.

ಹುಡುಗಿ ಮೂರು ವಾರ ವ್ಯಾಪಾರ ನಿಲ್ಲಿಸಿದಳು. ನಲವತ್ತು ಸಾವಿರ ಹೋಯಿತು ಎಂದುಕೊಂಡೆ. ಅದನ್ನು ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು. ಆಮೇಲೆ ತಾನೇ ಪಶುವೈದ್ಯರ ಹತ್ತಿರ ಹೋಗಿ ಕೂತು ಕೇಳಿ ಬರೆದುಕೊಂಡು ಬಂದಳು. ಪ್ರತಿ ಔಷಧಿಯ ಕೆಳಗೆ ಈಗ ಕನ್ನಡದಲ್ಲಿ ದಪ್ಪಕ್ಷರದ ಸಾಲಿದೆ. ನಾಯಿಗೆ ಈರುಳ್ಳಿ ಹಾಕಿದ ಹುಳಿ ಸಾಂಬಾರು ಬೇಡ, ರಕ್ತದ ಕೆಂಪು ಕಣ ಒಡೆಯುತ್ತದೆ. ದ್ರಾಕ್ಷಿ, ಚಾಕೊಲೇಟು ಬೇಡ. ಬೆಕ್ಕಿಗೆ ಜ್ವರವೆಂದು ನಮ್ಮ ಪ್ಯಾರಸಿಟಮಾಲ್ ಕೊಟ್ಟರೆ ಸಾಯುತ್ತದೆ. ನಾನೇ ಇಪ್ಪತ್ತು ವರ್ಷ ನಮ್ಮ ಕರಿಯನಿಗೆ ಮಿಕ್ಕ ಸಾಂಬಾರು ಸುರಿದವಳು, ಅದನ್ನು ಓದಿ ಸುಮ್ಮನಾದೆ. ಉಣುಗಿನ ಔಷಧಿ ಕೇಳಿದವರಿಗೆ ಕಳಿಸುವ ಮುಂಚೆ ಫೋನು ಮಾಡುತ್ತಾಳೆ. “ಒಂದು ಡಬ್ಬಿಗೆ ಇಷ್ಟು ವಿಚಾರಣೆಯೇನ್ರಿ” ಎಂದು ರೇಗಿ ಬೇರೆ ಕಡೆ ಹೋದವರೂ ಇದ್ದಾರೆ. ಹೋಗಲಿ. ಅಮೆರಿಕದಲ್ಲೇ 2011ರಲ್ಲಿ ಶುರುವಾದ ಚ್ಯೂಯಿ ಎಂಬ ಕಂಪನಿ ಇದೇ ವ್ಯಾಪಾರದಲ್ಲಿ ಗೆದ್ದದ್ದು ಫೋನೆತ್ತಿ ಮಾತಾಡಿಯೇ. ಗಿರಾಕಿಯ ನಾಯಿ ಸತ್ತರೆ ಹೂವು ಕಳಿಸುತ್ತಾರಂತೆ. 2017ರಲ್ಲಿ ಅದನ್ನು 335 ಕೋಟಿ ಡಾಲರಿಗೆ ಕೊಂಡರು. ನಮ್ಮವಳು ಹೂವು ಕಳಿಸುವಷ್ಟು ದೊಡ್ಡವಳಲ್ಲ. ಆ ಟೀಚರ ಮನೆಗೆ ಬಸ್ಸು ಹತ್ತಿ ಹೋಗಿ ಬಂದಳು.

“ಮನುಷ್ಯರಿಗೇ ಅನ್ನವಿಲ್ಲ, ನಾಯಿಗೆ ಪ್ಯಾಕೆಟ್ಟಾ?” ಎನ್ನುವವರಿಗೂ ಒಂದು ಮಾತು. ನಾಯಿಗೆ ಬೂಟು, ಬೆಕ್ಕಿಗೆ ಹುಟ್ಟುಹಬ್ಬದ ಟೋಪಿ ಮಾರುವುದು ನನಗೂ ಸೇರದು. ಆ ಬಗ್ಗೆ ನಾನೂ ಅವಳೂ ಜಗಳ ಆಡಿದ್ದೇವೆ, ಟೋಪಿಯಲ್ಲೇ ಲಾಭ ಜಾಸ್ತಿ ಎನ್ನುತ್ತಾಳೆ. ಆದರೆ ನಮ್ಮ ಮುಧೋಳದ ನಾಯಿಯನ್ನು 2005ರಲ್ಲಿ ಅಂಚೆಚೀಟಿಯ ಮೇಲೆ ಅಚ್ಚು ಹಾಕಿ ಹೆಮ್ಮೆಪಟ್ಟ ನಾವು, ಮನೆಯ ನಾಯಿಯನ್ನು ಒಂದೂವರೆ ಅಡಿ ಸರಪಳಿಯಲ್ಲಿ ಬಿಸಿಲಿಗೆ ಕಟ್ಟಿ ಹಾಕಿ ಅನ್ನದ ಮಾತಾಡುವುದು ಬೇಡ. ಅವಳ ಅಂಗಡಿಯಲ್ಲಿ ಮುಳ್ಳಿನ ಪಟ್ಟಿ ಇಲ್ಲ. ಕೇಳಿದವರಿಗೆ ಇಲ್ಲವೆಂದೇ ಹೇಳುತ್ತಾಳೆ.

ಕಳೆದ ತಿಂಗಳು ಎಲ್ಲ ಖರ್ಚು ಕಳೆದು ಅವಳ ಕೈಯಲ್ಲಿ ಉಳಿದದ್ದು ಹನ್ನೊಂದು ಸಾವಿರ. ಹಾಸಿಗೆ ಮಾರುವುದನ್ನು ಬಿಟ್ಟಿದ್ದಾಳೆ. ದೂರದೂರಿಗೆ ಚೀಲ ಕಳಿಸುವುದಿಲ್ಲ, ಬಸ್ಸಿಗೆ ಹಾಕಿದರೆ ಸಂಜೆಗೆ ತಲುಪುವ ಊರುಗಳಷ್ಟೇ. ನನ್ನ ದುಡ್ಡಿನಲ್ಲಿ ಅರ್ಧ ಹಿಂದಕ್ಕೆ ಬಂದಿದೆ. ಮಧ್ಯಾಹ್ನ ಅವಳು ಬಸ್‌ಸ್ಟ್ಯಾಂಡಿಗೆ ಹೋದಾಗ ಅಂಗಡಿಯ ಫೋನು ಎತ್ತುವವರು ಮಾವನವರೇ. ಯಾರು ಏನೇ ಕೇಳಲಿ, ಸರಪಳಿ ಕೇಳಲಿ, ಸೋಪು ಕೇಳಲಿ, ಅವರು ಮೊದಲು ಕೇಳುವುದು ಒಂದೇ: “ಮನೇಲಿ ಬೆಕ್ಕಿದೆಯೇನ್ರೀ?”