ಎರಡು ಬಾವಿ, ಇಬ್ಬರು ಕವಿಗಳು

ತ್ರಾಸಿಯಿಂದ ಹೆದ್ದಾರಿ ಹಿಡಿದು ಬೈಂದೂರಿನ ಕಡೆಗೆ ಹೊರಟು, ಎಡಕ್ಕೆ ಕಡಲು ಬಲಕ್ಕೆ ಸೌಪರ್ಣಿಕೆ ಇರುವ ಮರವಂತೆಯನ್ನು ದಾಟಿ ಮುಂದೆ ಸಾಗಿದರೆ ಮೊಗೇರಿ ಸಿಗುತ್ತದೆ. ಗೋಪಾಲಕೃಷ್ಣ ಅಡಿಗರು 1918ರ ಫೆಬ್ರವರಿ 18ರಂದು ಹುಟ್ಟಿದ ಊರು ಅದು. ಅದಕ್ಕೆ ಮೂರು ತಿಂಗಳ ಹಿಂದೆ, 1917ರ ನವೆಂಬರ್ 13ರಂದು, ಗ್ವಾಲಿಯರ್ ಸಂಸ್ಥಾನದ ಶ್ಯೋಪುರದಲ್ಲಿ ಗಜಾನನ ಮಾಧವ ಮುಕ್ತಿಬೋಧ್ ಹುಟ್ಟಿದ್ದರು. ಮನೆಮಾತು ಮರಾಠಿ, ಬರೆದದ್ದು ಹಿಂದಿಯಲ್ಲಿ. ನಮ್ಮ ಮಕ್ಕಳು ಕನ್ನಡವನ್ನೂ ಹಿಂದಿಯನ್ನೂ ಕಲಿಯುತ್ತಾರೆ. ಆದರೆ ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ಓದಿಸುವುದು ಅಪರೂಪ. ಹಾಗೆ ಓದಿದರೆ, ತಲೆಗೆ ಹತ್ತುವುದಿಲ್ಲ ಎಂದು ಜನ ದೂರವಿಟ್ಟ ನವ್ಯಕಾವ್ಯ ಎಷ್ಟೋ ಹತ್ತಿರವಾಗುತ್ತದೆ.

ಅಡಿಗರೆಂದರೆ ಹೆಚ್ಚಿನವರಿಗೆ ನೆನಪಾಗುವುದು ‘ಯಾವ ಮೋಹನ ಮುರಲಿ’. ‘ಅಮೆರಿಕಾ ಅಮೆರಿಕಾ’ ಸಿನಿಮಾ ಅದನ್ನು ಮನೆಮನೆಗೆ ತಲುಪಿಸಿತು. ಅದು ಮೊದಲ ಘಟ್ಟದ ಅಡಿಗರು. ಸ್ವಾತಂತ್ರ್ಯ ಬಂದ ಮರುವರ್ಷ ಪ್ರಕಟವಾದ ಸಂಕಲನಕ್ಕೆ ಅವರಿಟ್ಟ ಹೆಸರು ‘ಕಟ್ಟುವೆವು ನಾವು’. ಆ ಹುಮ್ಮಸ್ಸು ಬಹಳ ಕಾಲ ಉಳಿಯಲಿಲ್ಲ. ಸುತ್ತಲೂ ಕಂಡ ಅಧಿಕಾರದಾಸೆ, ಬೂಟಾಟಿಕೆ, ಟೊಳ್ಳುಮಾತುಗಳನ್ನು ಹೇಳಲು ಹಾಡಿನ ಇಂಪು ಸಾಲದೆಂದು ಅವರಿಗೆ ಅನ್ನಿಸಿತು. 1954ರ ‘ಚಂಡೆಮದ್ದಳೆ’ಯಲ್ಲಿ ಲಯವೇ ಬದಲಾಯಿತು. ಬಯಲಾಟದ ಚಂಡೆಯ ಪೆಟ್ಟು ಕೇಳುತ್ತ ಬೆಳೆದ ನಮ್ಮ ಕಡೆಯವರಿಗೆ ಆ ಬಿರುಸು ಹೊಸತೇನಲ್ಲ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅಡಿಗರು ಎಲಿಯಟ್‌ನಿಂದ ಕಲಿತದ್ದು ನಿಜ. ಆದರೆ ಅವರದು ಬರೀ ಅನುಕರಣೆ ಎಂಬ ಹಳೆಯ ಆಕ್ಷೇಪ ‘ಭೂತ’ ಕವಿತೆಯ ಮುಂದೆ ನಿಲ್ಲುವುದಿಲ್ಲ.

ಅಲ್ಲಿ ಹೂಳಿಹೋದ ಹಳೆಯ ಬಾವಿಯಿದೆ, ಅದರೊಳಗೆ ಕತ್ತಲಿದೆ, ಸತ್ತ ಹಿರಿಯರ ಕಾಟವಿದೆ. ಆದರೆ ಕವಿತೆ ಹೆದರಿಕೆಯಲ್ಲಿ ಮುಗಿಯುವುದಿಲ್ಲ. ಅಗೆಯುತ್ತ ಹೋದರೆ ಚಿನ್ನದ ಅದಿರು ಸಿಗುತ್ತದೆ. ಅದನ್ನು ಕಾಯಿಸಿ, ಸೋಸಿ, ಇಷ್ಟದೇವತೆಯ ವಿಗ್ರಹಕ್ಕೆ ಒಗ್ಗಿಸುವ ಕೆಲಸ ಬಾಕಿ ಇರುತ್ತದೆ. ಹಿರಿಯರಿಂದ ಬಂದದ್ದನ್ನು ಕಣ್ಣುಮುಚ್ಚಿ ಪೂಜಿಸುವುದೂ ಅಲ್ಲ, ಕಸವೆಂದು ಎಸೆಯುವುದೂ ಅಲ್ಲ. ಬೆವರು ಸುರಿಸಿ ನಮ್ಮದಾಗಿ ಮಾಡಿಕೊಳ್ಳಬೇಕು. ನನಗೆ ತಿಳಿದಂತೆ ಇದೇ ಕವಿತೆಯ ತಿರುಳು.

ಮುಕ್ತಿಬೋಧರ ‘ಬ್ರಹ್ಮರಾಕ್ಷಸ’ದಲ್ಲಿಯೂ ಬಾವಿಯೇ. ಊರ ಹೊರಗಿನ ಪಾಳು ಬಾವಿಯೊಳಗೆ ಕುಳಿತ ಬ್ರಹ್ಮರಾಕ್ಷಸ ಮೈಯ ಕೊಳೆಯನ್ನು ಉಜ್ಜುತ್ತಲೇ ಇದ್ದಾನೆ, ಕೊಳೆ ಹೋಗುವುದಿಲ್ಲ. ಬಾಯಲ್ಲಿ ಮಂತ್ರ, ತಲೆಯಲ್ಲಿ ವೇದದಿಂದ ಮಾರ್ಕ್ಸ್, ಗಾಂಧಿಯವರೆಗಿನ ಓದು. ನಾಗಬನದ ಬದಿಯ ಬ್ರಹ್ಮರಾಕ್ಷಸನ ಕಲ್ಲಿಗೆ ಕೈಮುಗಿದು ಬೆಳೆದವರಿಗೆ ಇವನ ಪರಿಚಯ ಹೇಳಬೇಕಿಲ್ಲ. ಕಲಿತದ್ದನ್ನು ಯಾರಿಗೂ ದಾಟಿಸದೆ ಸತ್ತ ವಿದ್ವಾಂಸ ಅವನು. ಕೊನೆಯಲ್ಲಿ ಕವಿ ಅವನನ್ನು ಉಚ್ಚಾಟಿಸುವುದಿಲ್ಲ. ಅವನ ಶಿಷ್ಯನಾಗಿ ಅವನ ಅಪೂರ್ಣ ಕೆಲಸವನ್ನು ಮುಂದುವರಿಸಬೇಕೆಂದು ಹಂಬಲಿಸುತ್ತಾನೆ.

ರಾಜಕೀಯದಲ್ಲಿ ಇಬ್ಬರದೂ ಎದುರುಬದುರು ದಾರಿ. ಮುಕ್ತಿಬೋಧ್ ಮಾರ್ಕ್ಸ್‌ವಾದಿ, ಅಡಿಗರು 1971ರಲ್ಲಿ ಜನಸಂಘದ ಅಭ್ಯರ್ಥಿಯಾಗಿ ಲೋಕಸಭೆಗೆ ನಿಂತು ಸೋತವರು. ಆದರೂ ಹಿರಿಯರ ಪ್ರೇತಕ್ಕೆ ಇಬ್ಬರೂ ಕೊಟ್ಟ ಉತ್ತರ ಹೆಚ್ಚುಕಡಿಮೆ ಒಂದೇ. ಕಾವ್ಯವನ್ನು ಪಕ್ಷದ ಬಣ್ಣದಿಂದ ಅಳೆಯುವವರು ಇದನ್ನು ಗಮನಿಸಬೇಕು.

ಬದುಕು ಮಾತ್ರ ಇಬ್ಬರಿಗೂ ಒಂದೇ ರೀತಿ ಒಲಿಯಲಿಲ್ಲ. ಅಡಿಗರು ಸಾಗರದಲ್ಲೂ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲೂ ಪ್ರಾಂಶುಪಾಲರಾದರು, ‘ಸಾಕ್ಷಿ’ ಪತ್ರಿಕೆ ನಡೆಸಿದರು, ‘ವರ್ಧಮಾನ’ಕ್ಕೆ 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮುಕ್ತಿಬೋಧರದು ಬಡತನದ ಬದುಕು. ಅಜ್ಞೇಯರು 1943ರಲ್ಲಿ ಸಂಪಾದಿಸಿದ ‘ತಾರ್ ಸಪ್ತಕ್’ನ ಏಳು ಕವಿಗಳಲ್ಲಿ ಅವರೂ ಒಬ್ಬರಾಗಿದ್ದರೂ, ತಮ್ಮದೇ ಕವನ ಸಂಕಲನವನ್ನು ಅವರು ಕಣ್ಣಾರೆ ಕಾಣಲಿಲ್ಲ. ಅವರು ಬರೆದ ಇತಿಹಾಸದ ಪಠ್ಯವನ್ನು ಮಧ್ಯಪ್ರದೇಶ ಸರ್ಕಾರ 1962ರಲ್ಲಿ ನಿಷೇಧಿಸಿತು. 1964ರ ಸೆಪ್ಟೆಂಬರ್ 11ರಂದು, 46ನೇ ವಯಸ್ಸಿನಲ್ಲಿ, ಅವರು ದೆಹಲಿಯಲ್ಲಿ ತೀರಿಕೊಂಡರು. ‘ಚಾಂದ್ ಕಾ ಮುಂಹ್ ಟೇಢಾ ಹೈ’ ಹೊರಬಂದದ್ದು ಆಮೇಲೆ. ಅದೇ ಮಧ್ಯಪ್ರದೇಶ ಸರ್ಕಾರ 1986ರಲ್ಲಿ ಕಬೀರ್ ಸಮ್ಮಾನ್ ಕೊಟ್ಟದ್ದು ಮೊಗೇರಿಯ ಅಡಿಗರಿಗೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಲೇಜುಗಳ ಕನ್ನಡ, ಹಿಂದಿ ಅಧ್ಯಾಪಕರಲ್ಲಿ ಒಂದು ಮನವಿ: ಒಂದು ವಾರ ತರಗತಿಗಳನ್ನು ಒಟ್ಟುಗೂಡಿಸಿ ಈ ಎರಡು ಕವಿತೆಗಳನ್ನು ಗಟ್ಟಿಯಾಗಿ ಓದಿಸಿ. ಅರ್ಥ ಹೇಳಿಕೊಡುವ ಮೊದಲು, ತಮ್ಮ ಮನೆಯ ಬಾವಿ, ಬನ, ಹಿರಿಯರ ಬಗ್ಗೆ ಮಕ್ಕಳೇ ಮಾತಾಡಲಿ.